ಅಂಚಲ್ ಹಾವಿನ ಪ್ರಕರಣ: ಆ ಸೆಂಟಿಮೀಟರ್ ಲೆಕ್ಕ ಎಷ್ಟು ಗಟ್ಟಿ?

ಮುಳ್ಳೇರಿಯ ಮಾಷ್ಟ್ರು

ಕೊಲ್ಲಂ ಜಿಲ್ಲೆಯ ಅಂಚಲಿನ ಪ್ರಕರಣದ ಬಗ್ಗೆ ನಮ್ಮ ಕಾಸರಗೋಡಿನಲ್ಲಿ ಈಗಲೂ ಮಾತು ಬರುವುದುಂಟು. 2020 ಮೇ 7ರ ಬೆಳಿಗ್ಗೆ ತವರಿನಲ್ಲಿ ಮಲಗಿದ್ದ 25ರ ಹೆಣ್ಣುಮಗಳು ನಾಗರಹಾವು ಕಚ್ಚಿ ಸತ್ತದ್ದು ಗೊತ್ತಾಯಿತು. ಅದಕ್ಕೆ ಎರಡು ತಿಂಗಳು ಮೊದಲು, ಮಾರ್ಚ್ 2ರಂದು, ಗಂಡನ ಮನೆಯಲ್ಲಿ ಕೊಳಕುಮಂಡಲ (ಮಲಯಾಳಿಗಳ ಅಣಲಿ) ಕಚ್ಚಿ ಆಸ್ಪತ್ರೆ ಸೇರಿದ್ದಳು. 2021 ಅಕ್ಟೋಬರ್ 11ಕ್ಕೆ ಕೊಲ್ಲಂ ಸೆಷನ್ಸ್ ಕೋರ್ಟು ಹಾವಿನಿಂದ ಕಚ್ಚಿಸಿ ಕೊಂದದ್ದಕ್ಕೆ ಗಂಡ ತಪ್ಪಿತಸ್ಥ ಎಂದಿತು, 13ಕ್ಕೆ ಎರಡು ಜೀವಾವಧಿ ಶಿಕ್ಷೆ ಕೊಟ್ಟಿತು.

ನನ್ನ ಪ್ರಶ್ನೆ ಶಿಕ್ಷೆಯ ಬಗ್ಗೆ ಅಲ್ಲ, ಭೌತಿಕ ಸಾಕ್ಷ್ಯದ ಬಗ್ಗೆ. ಪತ್ರಿಕೆಗಳೆಲ್ಲ ಎತ್ತಿ ಹಿಡಿದದ್ದು ಒಂದೇ ಅಂಶ. ಸುಮಾರು 150 ಸೆಂ.ಮೀ. ಉದ್ದದ ನಾಗರಹಾವು ತಾನಾಗಿ ಕಚ್ಚಿದರೆ ಎರಡು ವಿಷದ ಹಲ್ಲಿನ ಗುರುತಿನ ನಡುವೆ 1.7 ಸೆಂ.ಮೀ. ಅಂತರ. ತಲೆ ಹಿಡಿದು ಒತ್ತಿ ಕಚ್ಚಿಸಿದರೆ 2ರಿಂದ 2.4. ಮೃತಳ ಕೈಮೇಲಿದ್ದ ಎರಡು ಕಡಿತಗಳಲ್ಲಿ 2.3 ಮತ್ತು 2.8. ಆದ್ದರಿಂದ ಯಾರೋ ಹಿಡಿದು ಕಚ್ಚಿಸಿದ್ದು. ಇದಕ್ಕಾಗಿ ಅರಣ್ಯ ಇಲಾಖೆಯ ಅರಿಪ್ಪ ತರಬೇತಿ ಕೇಂದ್ರದಲ್ಲಿ ಬೊಂಬೆಯ ಕೈಗೆ ಕೋಳಿ ಮಾಂಸ ಕಟ್ಟಿ ಜೀವಂತ ಹಾವಿನಿಂದ ಕಚ್ಚಿಸಿ ನೋಡಿದರು.

ಸಂದೇಹ ಎರಡು. ಕೋಳಿ ಮಾಂಸದ ಮೇಲಿನ ಅಳತೆ ಮನುಷ್ಯರ ಚರ್ಮಕ್ಕೆ ಹೊಂದುತ್ತದೆಯೇ? ಮತ್ತೆ, ಒತ್ತಿ ಕಚ್ಚಿಸಿದಾಗಲೂ 2.4 ದಾಟಲಿಲ್ಲ ಎಂದಾದರೆ 2.8 ಎಲ್ಲಿಂದ ಬಂತು?

ವಿದ್ಯಾನಗರ ವಕೀಲ

ಮಾಷ್ಟ್ರೇ, ಉತ್ತರಕ್ಕೆ ಮೊದಲು ವಿವಾದ ಯಾವುದು ಎಂದು ಗೆರೆ ಎಳೆಯೋಣ. ನಾಗರಹಾವಿನ ವಿಷದಿಂದ ಸಾವು ಎನ್ನುವುದರಲ್ಲಿ ದೊಡ್ಡ ಜಗಳ ಇರಲಿಲ್ಲ. ಹಾವು ಕೋಣೆಗೆ ಬಂದದ್ದು ಹೇಗೆ, ಕಚ್ಚಿದ್ದು ಹೇಗೆ, ಇವೇ ಪ್ರಶ್ನೆ. ಕಣ್ಣಾರೆ ಕಂಡ ಸಾಕ್ಷಿ ಇಲ್ಲ. ಹಾಗಾಗಿ ಇದು ಪೂರ್ತಿ ಸಾಂದರ್ಭಿಕ ಸಾಕ್ಷ್ಯದ ಪ್ರಕರಣ. ಅಂಥದ್ದಕ್ಕೆ ಅಳತೆಗೋಲು 1984ರ ಶರದ್ ಬಿರ್ಧಿಚಂದ್ ಸಾರ್ಡಾ ತೀರ್ಪು. ಅದೂ ಹೆಂಡತಿಯ ಸಾವಿನದ್ದೇ, ಪೊಟ್ಯಾಸಿಯಂ ಸಯನೈಡ್. ಹೈಕೋರ್ಟಿನವರೆಗೆ ಶಿಕ್ಷೆಯಾಗಿದ್ದ ಗಂಡನನ್ನು ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಪ್ರತಿಯೊಂದು ಸಂದರ್ಭವೂ ಪೂರ್ತಿ ರುಜುವಾತಾಗಬೇಕು, ಎಲ್ಲ ಸೇರಿ ಆರೋಪಿಯ ಕಡೆಗೆ ಮಾತ್ರ ಬೆರಳು ತೋರಿಸಬೇಕು, ಬೇರೆ ವಿವರಣೆಗೆ ಎಡೆ ಇರಬಾರದು ಎಂಬ ಐದು ಸೂತ್ರ ಬಂದದ್ದು ಅಲ್ಲಿಂದ.

ಅಂಚಲಿನಲ್ಲಿ ಬೆನ್ನೆಲುಬು ಹಾವು ಮಾರಿದವನು. ಅವನು ಮಾಫಿ ಸಾಕ್ಷಿಯಾದ, ಅಂದರೆ ಕ್ಷಮೆ ಪಡೆದು ಸರಕಾರದ ಪರ ಸಾಕ್ಷಿ ಹೇಳುವ ಪಾಲುದಾರ. ಹಳೆಯ ಸಾಕ್ಷ್ಯ ಕಾಯ್ದೆಯ 133ನೇ ಕಲಮಿನ ಪ್ರಕಾರ ಮಾಫಿ ಸಾಕ್ಷಿಯ ಮಾತಿನ ಮೇಲೆ ಮಾತ್ರ ಶಿಕ್ಷೆ ಕೊಟ್ಟರೆ ಕಾನೂನುಬಾಹಿರ ಅಲ್ಲ. ಆದರೆ 114ರ ಉದಾಹರಣೆಯ ಪ್ರಕಾರ ಮುಖ್ಯ ವಿವರಗಳಲ್ಲಿ ಬೇರೆ ಕಡೆಯಿಂದ ಬೆಂಬಲ ಬೇಕು. ಭೌತಿಕ ಸಾಕ್ಷ್ಯದ ಕೆಲಸ ಅಲ್ಲಿ ಆ ಬೆಂಬಲ ಕೊಡುವುದು. ಅದಕ್ಕಿಂತ ಹೆಚ್ಚಿನ ಭಾರ ಸೆಂಟಿಮೀಟರಿನ ಮೇಲೆ ಹಾಕಿದ್ದು ಟಿವಿಯವರು.

ಕಾರಡ್ಕ ಉರಗ

ಹಾವಿನ ಕಡೆಯಿಂದ ನೋಡುವ. ನಾಗರಹಾವಿನ ವಿಷದ ಹಲ್ಲು ಮೇಲ್ದವಡೆಯ ಮುಂದಿನ ಮೂಳೆಗೆ ನೆಟ್ಟಗೆ ಅಂಟಿಕೊಂಡದ್ದು, ಗಿಡ್ಡ. ಕೊಳಕುಮಂಡಲದ್ದು ಉದ್ದ, ಮಡಚುವಂಥದ್ದು, ಬಾಯಿ ತೆರೆದಾಗ ಮುಂದಕ್ಕೆ ಏಳುತ್ತದೆ. ಹಾವಿನ ಎರಡೂ ಕಡೆಯ ದವಡೆ ಮೂಳೆಗಳು ನಮ್ಮ ಹಾಗೆ ಬೆಸೆದುಕೊಂಡಿಲ್ಲ, ನಡುವೆ ಸ್ನಾಯು, ನಾರು. ಇಲಿ ನುಂಗಬೇಕಲ್ಲ. ಆದ್ದರಿಂದ ತಲೆಯ ಹಿಂದೆ, ವಿಷಗ್ರಂಥಿಯ ಹತ್ತಿರ ಗಟ್ಟಿ ಒತ್ತಿದರೆ ದವಡೆ ಅಗಲಕ್ಕೆ ಸರಿಯುತ್ತದೆ, ಹಲ್ಲಿನ ಅಂತರ ಹೆಚ್ಚುತ್ತದೆ. ವಿಷ ತೆಗೆಯುವವರು ಗಾಜಿನ ಲೋಟದ ಅಂಚಿಗೆ ಕಚ್ಚಿಸುವಾಗ ಇದು ಕಣ್ಣಿಗೇ ಕಾಣುತ್ತದೆ. ಪರೀಕ್ಷೆಯ ದಿಕ್ಕು ಸರಿಯೇ. ತಕರಾರು ಇದ್ದರೆ ಅಂಕಿಯ ನಿಖರತೆಯ ಬಗ್ಗೆ.

ಇನ್ನು ಸ್ವಭಾವ. ಮಲಗಿದವರನ್ನು ಗೊತ್ತಾಗದ ಹಾಗೆ ಕಚ್ಚುವ ಹಾವು ಕಟ್ಟುಹಾವು. ರಾತ್ರಿಯದ್ದು, ನೋವು ಕಡಿಮೆ, ಗುರುತು ಕೂಡ ಕೆಲವೊಮ್ಮೆ ಕಾಣುವುದಿಲ್ಲ. ನಾಗರಹಾವು ಹಾಗಲ್ಲ. ಹೆಡೆ ಎತ್ತಿ ಬುಸುಗುಟ್ಟಿ, ಎಷ್ಟೋ ಸಲ ಬಾಯಿ ಮುಚ್ಚಿಯೇ ಹೊಡೆದು ಹೆದರಿಸಿ ಹೋಗುತ್ತದೆ. ಕಚ್ಚಿದರೆ ಉರಿ, ನೋವು, ಬಾವು. ಎಚ್ಚರ ಇರುವ ದೇಹ ಒಂದು ಕಡಿತಕ್ಕೇ ಎದ್ದು ಕೂರುತ್ತದೆ. ಇಲ್ಲಿ ಕಡಿತ ಎರಡು, ಆಕೆ ಏಳಲಿಲ್ಲ. ಹಣ್ಣಿನ ರಸದಲ್ಲಿ ನಿದ್ರೆ ಬರಿಸುವ ಮಾತ್ರೆ ಕೊಟ್ಟಿದ್ದ ಎನ್ನುವ ಪ್ರಾಸಿಕ್ಯೂಷನ್ ವಾದ ನಿಲ್ಲುವುದು ಈ ಜಾಗದಲ್ಲಿ. ನನ್ನ ಮಟ್ಟಿಗೆ 1.7ಕ್ಕಿಂತ ಇದು ದೊಡ್ಡ ಸಾಕ್ಷ್ಯ.

ಉಪ್ಪಳ ಅಂಕಿಅಂಶ

ದಿಕ್ಕು ಸರಿ ಎಂದು ಒಪ್ಪಿಕೊಂಡೇ ಕೇಳುತ್ತೇನೆ. ಪರೀಕ್ಷೆ ಎಂದ ಮೇಲೆ ಕೆಲವು ವಿವರ ಬೇಕೇ ಬೇಕು. ಎಷ್ಟು ಹಾವು, ಪ್ರತಿಯೊಂದರಿಂದ ಎಷ್ಟು ಕಡಿತ, ತಲೆ ಹಿಡಿದವರು ಎಷ್ಟು ಬಲ ಹಾಕಿದರು, ಅಂತರ ಅಳೆದವರಿಗೆ ಇದು ಸಹಜ ಕಡಿತವೋ ಒತ್ತಿದ್ದೋ ಎಂದು ಮೊದಲೇ ಗೊತ್ತಿತ್ತೋ. ಕೊನೆಯದ್ದು ಸಣ್ಣ ಮಾತಲ್ಲ. ಮಿಲಿಮೀಟರಿನ ಅಳತೆಯಲ್ಲಿ ಗುರುತಿನ ಒಳ ಅಂಚಿನಿಂದ ಹಿಡಿಯುವುದೋ ಮಧ್ಯದಿಂದಲೋ ಹೊರ ಅಂಚಿನಿಂದಲೋ ಎನ್ನುವುದರಲ್ಲೇ ಎರಡು ಮೂರು ಮಿ.ಮೀ. ಹೋಗುತ್ತದೆ. ಉತ್ತರ ಗೊತ್ತಿರುವವನ ಕೈ ತನಗೆ ಬೇಕಾದ ಕಡೆ ವಾಲುತ್ತದೆ, ಉದ್ದೇಶ ಇಲ್ಲದಿದ್ದರೂ.

ಚರ್ಮ ಅಳತೆ ಹಿಡಿದಿಡುವ ವಸ್ತುವೇ ಅಲ್ಲ ಎನ್ನುವುದು ಹೊಸ ಮಾತಲ್ಲ. ಮನುಷ್ಯರ ಹಲ್ಲಿನ ಗುರುತಿನ ಮೇಲೆ ಅಮೆರಿಕದಲ್ಲಿ ಎಷ್ಟೋ ಜನರಿಗೆ ಶಿಕ್ಷೆಯಾಗಿತ್ತು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ 2009ರ ವರದಿ ಆ ವಿದ್ಯೆಗೆ ಸಾಕಷ್ಟು ವೈಜ್ಞಾನಿಕ ಆಧಾರ ಇಲ್ಲ ಎಂದಿತು. ಹಾವಿನ ಕಡಿತ ಬೇರೆಯೇ, ಇಲ್ಲಿ ಎರಡು ಚುಚ್ಚು ಮಾತ್ರ. ಆದರೂ ಚರ್ಮ ಅದೇ ಚರ್ಮ.

ಪೆರ್ಲದ ಡಾಕ್ಟ್ರು

ಚರ್ಮದ ವಿಷಯ ನಾನು ಹೇಳುತ್ತೇನೆ, ಏಕೆಂದರೆ ಮಾಷ್ಟ್ರ ಎರಡನೇ ಪ್ರಶ್ನೆಗೆ ಉತ್ತರ ಅಲ್ಲೇ ಉಂಟು.

ಮುಂಗೈಯ ಚರ್ಮ ಮಡಚಿದಾಗ ಒಂದು ಅಳತೆ, ಚಾಚಿದಾಗ ಇನ್ನೊಂದು. ಕೈ ಮಡಚಿಕೊಂಡಿದ್ದಾಗ ಕಚ್ಚಿದ ಗುರುತನ್ನು ಶವದ ಕೈ ನೀಡಿ ಅಳೆದರೆ ಅಂತರ ಬದಲಾಗುತ್ತದೆ. ಕಚ್ಚಿದ ಮೇಲೆ ವ್ಯಕ್ತಿ ಬದುಕಿದ್ದಷ್ಟು ಹೊತ್ತು ಬಾವು ಏರುತ್ತದೆ, ಚರ್ಮ ಹಿಗ್ಗುತ್ತದೆ, ಎರಡು ತೂತು ದೂರ ಸರಿಯುತ್ತವೆ. ಫ್ರೀಜರಿನಲ್ಲಿಟ್ಟ ಶವದ ಚರ್ಮ ಒಣಗಿ ಸುರುಟಿ ಹತ್ತಿರ ಬರುವುದೂ ಉಂಟು. ಆದ್ದರಿಂದ 2.4ಕ್ಕೂ 2.8ಕ್ಕೂ ಇರುವ 4 ಮಿ.ಮೀ. ನನಗೆ ಆಶ್ಚರ್ಯ ತರುವುದಿಲ್ಲ. ಆದರೆ ಅದೇ ಕಾರಣಕ್ಕೆ 1.7ಕ್ಕೂ 2.3ಕ್ಕೂ ಇರುವ 6 ಮಿ.ಮೀ. ಮಾತ್ರ ಕಲ್ಲಿನ ಮೇಲೆ ಕೊರೆದದ್ದು ಎನ್ನಲೂ ಆಗುವುದಿಲ್ಲ. ಒಂದು ವ್ಯತ್ಯಾಸವನ್ನು ಚರ್ಮದ ತಲೆಗೆ ಕಟ್ಟಿ ಇನ್ನೊಂದನ್ನು ಕೊಲೆಗಾರನ ತಲೆಗೆ ಕಟ್ಟುವುದಾದರೆ ಕಾರಣ ಕೊಡಬೇಕು. ಇಲ್ಲಿ ಕೊಡಬಹುದಾದ ಕಾರಣ ಒಂದೇ: ಎರಡು ಕಡಿತವೂ ಒಂದೇ ದಿಕ್ಕಿಗೆ, ಅಂದರೆ ಅಗಲದ ಕಡೆಗೇ, ತಪ್ಪಿವೆ.

ಗುರುತು ಅಳೆಯುವ ಸರಿಯಾದ ಕ್ರಮ ಇದು. ಕತ್ತರಿ ತಾಗಿಸುವ ಮೊದಲು, ತೊಳೆಯುವ ಮೊದಲು, ಎಲ್ ಆಕಾರದ ಅಳತೆಪಟ್ಟಿಯನ್ನು ಗಾಯದ ಮಟ್ಟದಲ್ಲೇ ಇಟ್ಟು ಕ್ಯಾಮೆರಾ ನೇರ ಮೇಲಿನಿಂದ ಹಿಡಿದು ಫೋಟೋ. ಓರೆ ಹಿಡಿದರೆ ಅಳತೆ ಕುಗ್ಗುತ್ತದೆ. ಕೈ ಯಾವ ಭಂಗಿಯಲ್ಲಿತ್ತು ಎಂದು ಬರೆಯಬೇಕು. ತೂತಿನ ಮಧ್ಯದಿಂದ ಮಧ್ಯಕ್ಕೆ ಅಳೆಯಬೇಕು. ಆಮೇಲೆ ಗಾಯದ ಸುತ್ತಿನ ಚರ್ಮವನ್ನು ಅಡಿಯ ಕೊಬ್ಬಿನ ಸಮೇತ ತೆಗೆದು, ಇನ್ನೊಂದು ಕೈಯ ಅದೇ ಜಾಗದಿಂದ ಹೋಲಿಕೆಗೆ ಒಂದು ತುಂಡು ತೆಗೆದು, ಬೇರೆ ಬೇರೆ ಡಬ್ಬಿಯಲ್ಲಿ ತಣ್ಣಗೆ ಇಡಬೇಕು. ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಎಲ್ಲವನ್ನೂ ಫಾರ್ಮಲಿನಿಗೆ ಹಾಕುವುದು. ಸೂಕ್ಷ್ಮದರ್ಶಕದ ಕೆಳಗೆ ನೋಡಲಿಕ್ಕೆ ಫಾರ್ಮಲಿನ್ ಸರಿ. ವಿಷ ಹುಡುಕಲಿಕ್ಕೆ, ಡಿಎನ್‌ಎಗೆ ಅದು ಹಾಳು. ಹಾವಿನ ವಿಷ ಪ್ರೋಟೀನು. ಕೀಟನಾಶಕ ಹುಡುಕುವ ರೀತಿಯಲ್ಲಿ ಹುಡುಕಿದರೆ ಸಿಗುವುದೇ ಇಲ್ಲ, ಪ್ರತಿಕಾಯ ಬಳಸುವ ಎಲೈಸಾ ಬಗೆಯ ಪರೀಕ್ಷೆ ಬೇಕು. "ವಿಷ ಪತ್ತೆಯಾಗಿಲ್ಲ" ಎಂಬ ವರದಿ ಬಂದರೆ ಮೊದಲು ಕೇಳಬೇಕಾದದ್ದು ಯಾವ ಪರೀಕ್ಷೆ ಮಾಡಿದಿರಿ ಎಂದು.

ನಿದ್ರೆ ಮಾತ್ರೆಗೆ ದಾರಿ ಬೇರೆ. ಹೊಟ್ಟೆ ಮತ್ತು ಅದರೊಳಗಿನದ್ದು, ಸಣ್ಣ ಕರುಳಿನ ಸುಮಾರು 30 ಸೆಂ.ಮೀ., ಯಕೃತ್ತು ಸುಮಾರು 500 ಗ್ರಾಂ, ಎರಡೂ ಮೂತ್ರಪಿಂಡದ ಅರ್ಧರ್ಧ, ಇವು ಗಟ್ಟಿ ಉಪ್ಪುನೀರಿನಲ್ಲಿ. ರಕ್ತ ಪ್ರತ್ಯೇಕ, ಸೋಡಿಯಂ ಫ್ಲೋರೈಡ್ ಹಾಕಿ. ಉಪ್ಪುನೀರಿನ ಮಾದರಿಯನ್ನೂ ಒಂದು ಶೀಸೆಯಲ್ಲಿ ಕಳಿಸಬೇಕು. ಇಲ್ಲದಿದ್ದರೆ ಉಪ್ಪಿನಲ್ಲೇ ಏನೋ ಇತ್ತು ಎಂದು ವಾದ ಬರುತ್ತದೆ.

ಕಾರಡ್ಕ ಉರಗ

ಡಾಕ್ಟ್ರು ಹೇಳಿದ್ದಕ್ಕೆ ಇನ್ನೊಂದು ಸೇರಿಸಿ. ಸಹಜ ಕಡಿತದಲ್ಲಿ ಹಾವು ಹೊಡೆದು ಬಿಡುತ್ತದೆ, ಅಥವಾ ಕೈ ಎಳೆದುಕೊಂಡಾಗ ಗುರುತು ಗೀರಾಗುತ್ತದೆ. ಹಿಡಿದು ಒತ್ತಿದರೆ ನೇರ, ಆಳ, ಗೀರಿಲ್ಲದ ಎರಡು ಚುಚ್ಚು. ಅಂತರಕ್ಕಿಂತ ಗುರುತಿನ ಆಕಾರ ಹೆಚ್ಚು ಮಾತಾಡುತ್ತದೆ. ನಿದ್ರೆಯಲ್ಲಿರುವವರು ಕೈ ಎಳೆಯುವುದಿಲ್ಲವಾದ್ದರಿಂದ ಗೀರಿಲ್ಲದ್ದು ಒಂದೇ ಸಾಲದು, ಅದೂ ಹೌದು.

ನೀರ್ಚಾಲು ಅಕ್ಕ

ಒಂದು ಸಂಶಯ. ಹಾವನ್ನು ಆ ದಿನವೇ ಕೊಂದು ಹೂತಿದ್ದರು. ಹೊರತೆಗೆದದ್ದು ಮೇ 26ಕ್ಕೆ. 19 ದಿನ ಮಣ್ಣಿನಡಿ ಇದ್ದ ಹಾವಿನಿಂದ ಎಂತ ಸಿಗುತ್ತದೆ? ನಮ್ಮ ಹವೆಯಲ್ಲಿ ಮೇ ತಿಂಗಳಲ್ಲಿ ಒಂದು ಮೀನು ಕೂಡ ಒಂದು ದಿನ ಉಳಿಯುವುದಿಲ್ಲ.

ಕಾರಡ್ಕ ಉರಗ

ಅಕ್ಕಾ, ಮಾಂಸ ಹೋಗುತ್ತದೆ. ಮೂಳೆ, ಹಲ್ಲು, ಹುರುಪೆ ಉಳಿಯುತ್ತವೆ. ಯಾವ ಜಾತಿ ಎಂದು ಹೇಳಲಿಕ್ಕೆ ಹುರುಪೆಯ ಸಾಲು, ತಲೆಬುರುಡೆ, ಮೈಟೊಕಾಂಡ್ರಿಯಾದ ಡಿಎನ್‌ಎ, ಇಷ್ಟು ಸಾಕು. ಜೀವಕೋಶವೊಂದರಲ್ಲಿ ಅದರ ಪ್ರತಿಗಳು ಸಾವಿರಾರು ಇರುವುದರಿಂದ ಕೊಳೆತದ್ದರಲ್ಲೂ ಸಿಗುವ ಸಾಧ್ಯತೆ ಹೆಚ್ಚು. ಅಲ್ಲಿ ಉದ್ದ 152 ಸೆಂ.ಮೀ., ಹಲ್ಲು 0.6 ಸೆಂ.ಮೀ. ಎಂದು ದಾಖಲಾಯಿತು. ಹಲ್ಲಿನ ಅಳತೆ ನಂಬಬಹುದು. ಉದ್ದದ ಬಗ್ಗೆ ನಾನು ಸ್ವಲ್ಪ ಸಡಿಲ ಬಿಡುತ್ತೇನೆ, ಕೊಳೆತ ಹಾವನ್ನು ನೀಡಿ ಮಲಗಿಸುವಾಗ ಕೀಲು ಸಡಿಲಾಗಿ ಹಿಗ್ಗುತ್ತದೆ. ಉದ್ದ ತಪ್ಪಿದರೆ "150 ಸೆಂ.ಮೀ. ಹಾವಿಗೆ 1.7" ಎಂಬ ಹೋಲಿಕೆಯೂ ಸ್ವಲ್ಪ ಅಲ್ಲಾಡುತ್ತದೆ. ಆದರೆ ಹಿಗ್ಗಿದ್ದು ಎಂದಾದರೆ ನಿಜವಾದ ಹಾವು ಚಿಕ್ಕದು, ಸಹಜ ಅಂತರ ಇನ್ನೂ ಕಡಿಮೆ. ಆ ಲೋಪ ಆರೋಪಿಗೆ ಅನುಕೂಲ ಮಾಡುವುದಿಲ್ಲ.

ಮಣ್ಣಿನಿಂದ ತೆಗೆದ ಹಾವು ಹೇಳಲಾಗದ್ದು ಒಂದೇ: ತನ್ನನ್ನು ಕೋಣೆಯೊಳಗೆ ತಂದದ್ದು ಯಾರು ಎಂದು.

ಕುಂಬಳೆ ಭಟ್ರು

ಇದೇ ಘಟನೆ ನಮ್ಮ ಕಡೆ ನಡೆದಿದ್ದರೆ ಹೊರತೆಗೆಯಲಿಕ್ಕೆ ಹಾವೇ ಇರುತ್ತಿರಲಿಲ್ಲ ಮಾರಾಯ್ರೇ. ಕುಂಬಳೆಯಿಂದ ಮಂಜೇಶ್ವರದ ತನಕ ನಾಗರಹಾವು ಸತ್ತು ಬಿದ್ದದ್ದು ಕಂಡರೆ ಹೂಳುವುದಲ್ಲ, ಚಿತೆ ಇಟ್ಟು ಸಂಸ್ಕಾರ. ಹೊತ್ತು ಮುಳುಗುವುದರೊಳಗೆ ಬೂದಿ.

ವಿದ್ಯಾನಗರ ವಕೀಲ

ಭಟ್ರು ಹೇಳಿದ್ದು ತಮಾಷೆಯಲ್ಲ, ಸಾಕ್ಷ್ಯನಾಶದ ಪ್ರಶ್ನೆ ಅಲ್ಲೇ ಏಳುತ್ತದೆ. ಭಕ್ತಿಯಿಂದ ಸುಟ್ಟದ್ದನ್ನು ಹಳೆಯ ದಂಡ ಸಂಹಿತೆಯ 201ನೇ ಕಲಮಿಗೆ (ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 238) ತರಲಾಗುವುದಿಲ್ಲ, ಅಪರಾಧ ಮರೆಮಾಚುವ ಉದ್ದೇಶ ರುಜುವಾತಾಗಬೇಕು. ಆದರೆ ಉದ್ದೇಶ ಇರಲಿ ಇಲ್ಲದಿರಲಿ, ಸಾಕ್ಷ್ಯ ಹೋದದ್ದು ಹೋಯಿತು. ಅಂಚಲಿನಲ್ಲಿ ಹೂತದ್ದು ಪ್ರಾಸಿಕ್ಯೂಷನ್ ಅದೃಷ್ಟ.

ಮುಳ್ಳೇರಿಯ ಮಾಷ್ಟ್ರು

ಕೊಳಕುಮಂಡಲದ ಮೊದಲ ಕಡಿತದ ಬಗ್ಗೆ ಯಾರೂ ಮಾತಾಡಲಿಲ್ಲ. ಎರಡು ತಿಂಗಳಲ್ಲಿ ಒಬ್ಬಳಿಗೇ ಎರಡು ಜಾತಿಯ ವಿಷದ ಹಾವು. ಇದೇ ಸಾಕಲ್ಲ ಎನ್ನುವವರಿದ್ದಾರೆ.

ಉಪ್ಪಳ ಅಂಕಿಅಂಶ

ಅಲ್ಲೇ ಜಾರುವುದು. "ಇದು ಆಕಸ್ಮಿಕವಾಗಿ ಆಗುವ ಸಾಧ್ಯತೆ ತೀರಾ ಕಡಿಮೆ, ಆದ್ದರಿಂದ ಕೊಲೆ" ಎನ್ನುವ ಲೆಕ್ಕಕ್ಕೆ ಇಂಗ್ಲೆಂಡಿನಲ್ಲಿ ಒಬ್ಬ ತಾಯಿ ಬಲಿಯಾದಳು. ಎರಡು ಹಸುಗೂಸು ಸತ್ತಿದ್ದವು. ಒಂದೇ ಮನೆಯಲ್ಲಿ ಹೀಗಾಗುವುದು 7.3 ಕೋಟಿಗೆ ಒಂದು ಎಂದು ತಜ್ಞರು ಕೋರ್ಟಿನಲ್ಲಿ ಹೇಳಿದರು, 1999ರಲ್ಲಿ ಶಿಕ್ಷೆಯಾಯಿತು, 2003ರಲ್ಲಿ ಮೇಲ್ಮನವಿಯಲ್ಲಿ ಬಿಟ್ಟರು. ಎರಡು ಘಟನೆ ಒಂದಕ್ಕೊಂದು ಸಂಬಂಧ ಇಲ್ಲದ್ದು ಎಂದು ಊಹಿಸಿ ಗುಣಿಸಿದ್ದೇ ತಪ್ಪು. ಹಾವಿಗೂ ಅದೇ. ಹಾವು ಹೆಚ್ಚಿರುವ ಜಾಗ, ನೆಲದ ಮೇಲೆ ಮಲಗುವುದು, ಇಲಿಕಾಟ, ಇವೆಲ್ಲ ಎರಡೂ ಕಡಿತಕ್ಕೆ ಸಮಾನ ಕಾರಣ ಆಗಬಹುದು. ಇಲ್ಲಿ ಎರಡು ಘಟನೆ ಬೇರೆ ಜಿಲ್ಲೆಯ ಬೇರೆ ಮನೆಯಲ್ಲಿ ಆದದ್ದರಿಂದ ಆ ಸಮಾನ ಕಾರಣಗಳು ಬಿದ್ದುಹೋಗುತ್ತವೆ, ಉಳಿಯುವ ಸಮಾನ ಅಂಶ ಮನುಷ್ಯರು. ವಾದ ಹೀಗೆ ಕಟ್ಟಬೇಕು. ಗುಣಾಕಾರದಿಂದಲ್ಲ.

ವಿದ್ಯಾನಗರ ವಕೀಲ

ಕಾನೂನಿನಲ್ಲೂ ದಾರಿ ಉಂಟು. ಕೃತ್ಯ ಆಕಸ್ಮಿಕವೋ ಉದ್ದೇಶಪೂರ್ವಕವೋ ಎಂಬ ಪ್ರಶ್ನೆ ಬಂದಾಗ ಅದೇ ಬಗೆಯ ಘಟನೆಗಳ ಸರಣಿ ಪ್ರಸ್ತುತ ಎನ್ನುತ್ತದೆ ಹಳೆಯ ಕಾಯ್ದೆಯ 15ನೇ ಕಲಮು. ಆದರೆ ಮೊದಲನೆಯದ್ದರಲ್ಲಿ ಆರೋಪಿಯ ಕೈ ಇತ್ತು ಎನ್ನಲಿಕ್ಕೆ ಬೇರೆ ಆಧಾರ ಇರಬೇಕು. ಆ ಹಾವೂ ಅದೇ ಮಾರಾಟಗಾರನಿಂದ ಬಂದದ್ದು ಎಂಬ ಸಾಕ್ಷ್ಯ ಆ ಕೆಲಸ ಮಾಡಿತು. ಜೊತೆಗೆ ಫೋನ್ ಕರೆ ವಿವರ, ಹಾವಿನ ಬಗ್ಗೆ ಹುಡುಕಿದ ಇಂಟರ್ನೆಟ್ ದಾಖಲೆ. ಇಂಥ ಎಲೆಕ್ಟ್ರಾನಿಕ್ ದಾಖಲೆಗೆ ಅದೇ ಕಾಯ್ದೆಯ 65ಬಿ ಪ್ರಮಾಣಪತ್ರ (ದಾಖಲೆ ಯಾವ ಸಾಧನದಿಂದ ಹೇಗೆ ಬಂತು ಎಂಬ ದೃಢೀಕರಣ) ಕಡ್ಡಾಯ ಎಂದು 2020ರ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ತೀರ್ಪು ಗಟ್ಟಿ ಮಾಡಿದೆ. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 63.

ನೀರ್ಚಾಲು ಅಕ್ಕ

ಗಂಡ ಅದೇ ಕೋಣೆಯಲ್ಲಿ ಮಲಗಿದ್ದ. ಹಾಗಾದರೆ ಏನಾಯಿತು ಎಂದು ಹೇಳುವ ಜವಾಬ್ದಾರಿ ಅವನದ್ದೇ ಅಲ್ಲವಾ ವಕೀಲ್ರೇ?

ವಿದ್ಯಾನಗರ ವಕೀಲ

ಅರ್ಧ ಹೌದು ಅಕ್ಕಾ. 106ನೇ ಕಲಮು, ಹೊಸದರಲ್ಲಿ 109. 2006ರ ತ್ರಿಮುಖ್ ಮಾರೋತಿ ಕಿರ್ಕನ್ ತೀರ್ಪು ಇದಕ್ಕೆ ಎಲ್ಲರೂ ಓದುವಂಥದ್ದು. ಅಲ್ಲೂ ಹೆಂಡತಿ ಹಾವು ಕಚ್ಚಿ ಸತ್ತಳು ಎಂದು ತವರಿಗೆ ಹೇಳಿದ್ದರು. ಪೋಸ್ಟ್‌ಮಾರ್ಟಂನಲ್ಲಿ ಕುತ್ತಿಗೆ ಅಮುಕಿ ಉಸಿರು ಕಟ್ಟಿಸಿದ್ದು ತಿಳಿಯಿತು. ಮನೆಯ ನಾಲ್ಕು ಗೋಡೆಯೊಳಗೆ ಆದ ಸಾವಿಗೆ ಅಲ್ಲಿದ್ದವರು ವಿವರಣೆ ಕೊಡಬೇಕು, ಸುಳ್ಳು ವಿವರಣೆ ಸರಪಳಿಗೆ ಇನ್ನೊಂದು ಕೊಂಡಿ ಎಂದಿತು ಕೋರ್ಟು. ಆದರೆ 1956ರ ಶಂಭುನಾಥ್ ಮೆಹ್ರಾ ತೀರ್ಪಿನಿಂದ ಇಂದಿನವರೆಗೆ ಒಂದು ಮಾತು ಬದಲಾಗಿಲ್ಲ: ಪ್ರಾಸಿಕ್ಯೂಷನ್ ಮೊದಲು ತನ್ನ ಭಾರ ಹೊರಬೇಕು. ಸಾವು ಕೊಲೆಯೇ ಎಂದು ಭೌತಿಕ ಸಾಕ್ಷ್ಯ ಹೇಳದಿದ್ದರೆ 106 ಕೆಲಸಕ್ಕೆ ಬರುವುದಿಲ್ಲ. ಕಿರ್ಕನ್ ಪ್ರಕರಣದಲ್ಲಿ ಕುತ್ತಿಗೆ ಹೇಳಿತು. ಅಂಚಲಿನಲ್ಲಿ ಹೇಳಿಸಬೇಕಾದದ್ದು ಬೊಂಬೆ ಪರೀಕ್ಷೆಯಿಂದ, ಮಾಫಿ ಸಾಕ್ಷಿಯಿಂದ. ಅದಕ್ಕೇ ಆ ಪರೀಕ್ಷೆ ಬಿಟ್ಟುಬಿಡುವಂಥದ್ದೂ ಅಲ್ಲ.

ಮಂಜೇಶ್ವರ ಮಹಜರ್

ಪ್ರಯೋಗಶಾಲೆಯ ಮಾತು ಸಾಕಷ್ಟಾಯಿತು. ವಿಚಾರಣೆಯಲ್ಲಿ ಭೌತಿಕ ಸಾಕ್ಷ್ಯ ಮುರಿಯುವುದು ಹೆಚ್ಚಾಗಿ ಲ್ಯಾಬಿನಲ್ಲಲ್ಲ, ಮಹಜರಿನಲ್ಲಿ. ಹಾವು ತಂದ ಡಬ್ಬಿಯಂಥ ವಸ್ತುವಿಗೆ ಪ್ರಶ್ನೆಗಳು ಇಷ್ಟೇ: ಯಾರ ಹೇಳಿಕೆಯ ಮೇಲೆ ಸಿಕ್ಕಿತು, ಎಲ್ಲಿಂದ, ಯಾರೆದುರು, ಸೀಲ್ ಯಾವಾಗ ಬಿತ್ತು, ಸೀಲಿನ ಮಾದರಿ ಲ್ಯಾಬಿಗೆ ಹೋಯಿತೋ, ಕೋರ್ಟಿಗೆ ವಸ್ತು ಯಾವ ದಿನ ತಲುಪಿತು. ವಶಪಡಿಸಿದ ದಿನಕ್ಕೂ ಲ್ಯಾಬಿಗೆ ಹೋದ ದಿನಕ್ಕೂ ನಡುವೆ ವಾರಗಟ್ಟಲೆ ಅಂತರ ಇದ್ದು ಅಷ್ಟರವರೆಗೆ ಎಲ್ಲಿತ್ತು ಎಂಬುದಕ್ಕೆ ರಿಜಿಸ್ಟರಿನಲ್ಲಿ ಸಾಲಿಲ್ಲ ಎಂದಾದರೆ, ಡಿಎನ್‌ಎ ಎಷ್ಟೇ ಹೊಂದಿದರೂ ವಕೀಲರಿಗೆ ಹಬ್ಬ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಬಿರುಕುಂಟು. ಮಹಜರು ಬರೆಯುವುದು ಮಲಯಾಳದಲ್ಲಿ. ಸಹಿ ಹಾಕುವ ಪಂಚರು ಪೈವಳಿಕೆಯವರೋ ವರ್ಕಾಡಿಯವರೋ, ಕನ್ನಡ ಶಾಲೆಯಲ್ಲಿ ಕಲಿತವರು. ಕೋರ್ಟಿನಲ್ಲಿ "ಓದಿ ನೋಡಿ ಸಹಿ ಹಾಕಿದಿರಾ?" ಎಂದರೆ "ಇಲ್ಲ, ಹಾಕಲಿಕ್ಕೆ ಹೇಳಿದರು, ಹಾಕಿದೆ" ಎನ್ನುತ್ತಾರೆ. ಸಾಕ್ಷಿ ಪ್ರತಿಕೂಲ ಎಂದು ಬರೆದುಕೊಳ್ಳುತ್ತಾರೆ, ವಶದ ಬಲ ಅರ್ಧಕ್ಕೆ ಇಳಿಯುತ್ತದೆ. ಸಹಿಗೆ ಕರೆದಾಗ ಮಾಡಬೇಕಾದದ್ದು: ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ, "ಕನ್ನಡದಲ್ಲಿ ವಿವರಿಸಲಾಯಿತು, ಸರಿ ಇದೆ" ಎಂದು ಸಹಿಯ ಮೇಲೆ ಸ್ವಂತ ಕೈಯಲ್ಲಿ ಬರೆಯಿರಿ, ವಸ್ತುವಿನ ಗುರುತು, ದಿನ, ಹೊತ್ತು ಹಾಕಿ. ಒಪ್ಪದಿದ್ದರೆ ಸಹಿ ಬೇಡ.

ವಿದ್ಯಾನಗರ ವಕೀಲ

2024 ಜುಲೈ 1ರ ನಂತರದ ಪ್ರಕರಣಗಳಲ್ಲಿ ಇದು ಸ್ವಲ್ಪ ಸುಧಾರಿಸಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 105ರ ಪ್ರಕಾರ ಶೋಧ, ವಶ ಎಲ್ಲ ವಿಡಿಯೋ ಆಗಬೇಕು. 176(3) ಪ್ರಕಾರ ಏಳು ವರ್ಷ ಮತ್ತು ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಕ್ಕೆ ಫಾರೆನ್ಸಿಕ್ ತಜ್ಞರು ಸ್ಥಳಕ್ಕೆ ಬರಬೇಕು, ರಾಜ್ಯಗಳಿಗೆ ಐದು ವರ್ಷದ ಅವಕಾಶ ಕೊಟ್ಟಿದ್ದಾರೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಸಂಶಯಾಸ್ಪದವಾಗಿ ಸತ್ತರೆ ಮ್ಯಾಜಿಸ್ಟ್ರೇಟ್ ಶವಮಹಜರು ಕೇಳುವ ಹಕ್ಕು ತವರಿನವರಿಗುಂಟು. ಮಾರ್ಚಿನ ಕಡಿತದಂಥದ್ದಕ್ಕೆ ಇದ್ಯಾವುದೂ ಅನ್ವಯಿಸುವುದಿಲ್ಲ, ಏಕೆಂದರೆ ಆಗ ಯಾರಿಗೂ ಸಂಶಯವೇ ಇರುವುದಿಲ್ಲ. ಆಸ್ಪತ್ರೆಯ ಕೇಸ್‌ಶೀಟ್ ಮಾತ್ರ ಉಳಿಯುವುದು.

ಪೆರ್ಲದ ಡಾಕ್ಟ್ರು

ಹಾಗಾಗಿ ಕೇಸ್‌ಶೀಟಿನಲ್ಲಿ ಇರಬೇಕಾದದ್ದು: ಕಚ್ಚಿದ ಹೊತ್ತು ಎಂದು ಹೇಳಿದವರು ಯಾರು, ರೋಗಿಯೇ ಹೇಳಿದ್ದೋ ಜೊತೆಗೆ ಬಂದವರೋ. ಬಂದ ಹೊತ್ತು. ಗುರುತಿನ ಫೋಟೋ ಅಳತೆಪಟ್ಟಿಯ ಜೊತೆ. ರಕ್ತವನ್ನು ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ಟು ನೋಡಿದ ಫಲಿತಾಂಶ. ಹೆಪ್ಪುಗಟ್ಟದಿದ್ದರೆ ಅದು ಕೊಳಕುಮಂಡಲದ ಬಗೆಯದ್ದು, ರೆಪ್ಪೆ ಜೋತು ಉಸಿರು ಕಟ್ಟಿದರೆ ನಾಗರ ಅಥವಾ ಕಟ್ಟುಹಾವಿನದ್ದು. ಆಂಟಿವೆನಮ್ ಕೊಡುವ ಮೊದಲು ತೆಗೆದ ರಕ್ತದ ಒಂದು ಭಾಗ ತೆಗೆದಿಟ್ಟರೆ ಮುಂದೆ ಉಪಯೋಗಕ್ಕೆ ಬರುತ್ತದೆ. ಕೊಟ್ಟ ಮೇಲೆ ವಿಷ ಪತ್ತೆ ಕಷ್ಟ.

ಕುಂಬಳೆ ಭಟ್ರು

ಕೊನೆಗೆ ಒಂದು. ಯಾರದ್ದಾದರೂ ಮನೆಯಲ್ಲಿ ಹೀಗೆ ಸಾವಾಗಿ ಹಾವನ್ನೂ ಕೊಂದಿದ್ದಾರೆ ಎಂದಿಟ್ಟುಕೊಳ್ಳಿ. ಸಂಸ್ಕಾರ ಬೇಡ ಎಂದರೆ ಊರಿನವರು ಕೇಳುವುದಿಲ್ಲ. ಎಂತ ಮಾಡುವುದು?

ಕಾರಡ್ಕ ಉರಗ

ಬೇಡ ಎನ್ನಬೇಡಿ, ಮತ್ತೆ ಮಾಡುವ ಎನ್ನಿ. ಸತ್ತ ವನ್ಯಜೀವಿ ವನ್ಯಜೀವಿ ಕಾಯ್ದೆಯ 39ರ ಪ್ರಕಾರ ಸರಕಾರದ ಸೊತ್ತು, ಆದ್ದರಿಂದ ಮೊದಲು ಪೊಲೀಸರಿಗೂ ಅರಣ್ಯ ಇಲಾಖೆಗೂ ಫೋನ್. ಕೇರಳದ ಸರ್ಪ ಆ್ಯಪ್‌ನಲ್ಲಿ ಹತ್ತಿರದ ಪರವಾನಗಿ ಇರುವ ಹಾವು ಹಿಡಿಯುವವರ ನಂಬರ್ ಸಿಗುತ್ತದೆ. ಅವರು ಬರುವ ತನಕ ಬಿದ್ದ ಜಾಗದಲ್ಲೇ ಸ್ಕೇಲ್ ಇಟ್ಟು ಫೋಟೋ, ಕೋಣೆಯ ಕಿಟಕಿ, ಬಾಗಿಲ ಕೆಳಗಿನ ಸಂದು, ನೀರು ಹೋಗುವ ತೂತು, ಇವುಗಳ ಎತ್ತರ ಅಗಲದ ಫೋಟೋ. ಕೈಯಲ್ಲಿ ಮುಟ್ಟಬೇಡಿ, ಹಾವಿನ ಕತ್ತರಿಸಿದ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ಕೋಲಿನಿಂದ ಎತ್ತಿ ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ ಐಸಿನ ಮೇಲಿಡಿ, ಫಾರ್ಮಲಿನ್ ಬೇಡ. ಪಂಚನಾಮೆ ಆಗಿ, ಪಶುವೈದ್ಯರು ತಲೆ ಮತ್ತು ಮಾದರಿ ತೆಗೆದುಕೊಂಡ ಮೇಲೆ, ಉಳಿದದ್ದನ್ನು ಏನು ಮಾಡುವುದೆಂದು ಇಲಾಖೆಯವರನ್ನೇ ಕೇಳಿ. ಚಿತೆಗೆ ಸೌದೆ ಆಮೇಲೆ ಒಟ್ಟಿದರೂ ಸಾಕು.